ಸೋಲನ್ನರಿಯದ ಮುಷ್ಟಿಮಲ್ಲ

ನಮ್ಮ ನೆಮ್ಮಾರಿನಲ್ಲಿ ಮಳೆಗಾಲದ ಸಂಜೆಗಳು ಬಹು ದೀರ್ಘವಾದವು. ತುಂಗೆಯು ಕೆನ್ನೀರಿನಿಂದ ತುಂಬಿ ಹರಿಯುತ್ತಿರುವಾಗ, ತೋಟದ ಕೆಲಸವೂ ನಿಂತು, ಮನೆಮಂದಿಯೆಲ್ಲ ಜಗಲಿಯಲ್ಲಿ ಕುಳಿತು ಮಾತಿನಲ್ಲಿ ಹೊತ್ತು ಕಳೆಯುವುದು ಇಲ್ಲಿಯ ವಾಡಿಕೆ. ಅಂತಹ ಒಂದು ಸಂಜೆ, ಹಿಂದಿನ ವರ್ಷ ಮೈಸೂರಿನ ದಸರೆಯನ್ನು ಕಂಡು ಬಂದಿದ್ದ ಹುಡುಗನೊಬ್ಬನು ಅಲ್ಲಿಯ ಜಟ್ಟಿಗಳ ಕಾಳಗವನ್ನು ವರ್ಣಿಸುತ್ತಿದ್ದವನು, ನಡುವೆ ನಿಲ್ಲಿಸಿ, “ಅಜ್ಜಯ್ಯ, ಒಂದು ಸಲವೂ ಸೋಲದ ಮಲ್ಲನು ಯಾರಾದರೂ ಇದ್ದನೇ?” ಎಂದು ಮನೆಯ ಹಿರಿಯರನ್ನು ಕೇಳಿದನು. ಹಿರಿಯರು ಎಲೆಯಡಕೆಯ ತಟ್ಟೆಯನ್ನು ಬದಿಗೆ ಸರಿಸಿ, “ಗೆದ್ದವರು ಬೇಕಾದಷ್ಟು ಮಂದಿ ಇದ್ದಾರೆ, ಮಗು. ಸೋಲುವುದಕ್ಕೆ ಮುಂಚೆ ಮನೆಗೆ ಬಂದವನು ಇದ್ದನೇ ಎಂದು ಕೇಳು” ಎಂದರು.

ಆ ಮಾತು ನಮ್ಮ ಮನಸ್ಸಿನಲ್ಲಿ ನಿಂತುಬಿಟ್ಟಿತು. ಹುಡುಗನ ಪ್ರಶ್ನೆಗೂ ಹಿರಿಯರ ಪ್ರಶ್ನೆಗೂ ಒಮ್ಮೆಗೇ ಉತ್ತರವಾಗಬಲ್ಲ ಮನುಷ್ಯನೊಬ್ಬನು ಕಳೆದ ಶತಮಾನದಲ್ಲಿ ಬಾಳಿಹೋಗಿದ್ದಾನೆ. ಅವನು ಅಮೆರಿಕಾ ದೇಶದ ರಾಕಿ ಮಾರ್ಸಿಯಾನೊ. ವೃತ್ತಿನಿರತ ಮುಷ್ಟಿಮಲ್ಲನಾಗಿ ೪೯ ಸಲ ಕಣಕ್ಕಿಳಿದು, ೪೯ ಸಲವೂ ಗೆದ್ದು, ಅದರಲ್ಲಿ ೪೩ ಸಲ ಎದುರಾಳಿಯು ಮುಂದೆ ಕಾದಲಾರದಂತೆ ಮಾಡಿ, ಲೋಕದ ಅಗ್ರಮಲ್ಲನೆಂಬ ಬಿರುದು ಕೈಯಲ್ಲಿರುವಾಗಲೇ ಕಣವನ್ನು ಬಿಟ್ಟವನು ಇವನು. ಇವನ ಚರಿತ್ರೆಯನ್ನು ನಮ್ಮ ವಾಚಕರ ಮುಂದಿಡಬೇಕೆಂಬುದೇ ಈ ಲೇಖನದ ಉದ್ದೇಶ.

ನಮ್ಮ ನಾಡಿನ ಮುಷ್ಟಿಕಾಳಗ

ಮುಷ್ಟಿಯುದ್ಧವು ಪಾಶ್ಚಾತ್ಯರ ಆಟ, ನಮಗೆ ಸಂಬಂಧಪಡದುದು ಎಂದು ಭಾವಿಸುವವರುಂಟು. ಅದು ತಪ್ಪು. ಸುಮಾರು ೧೫೨೦ರಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸನು, ಮಹಾನವಮಿಯ ಉತ್ಸವದಲ್ಲಿ ನಡೆದ ಮಲ್ಲರ ಕಾಳಗವನ್ನು ಕಣ್ಣಾರೆ ಕಂಡು, ಅದು ತನ್ನ ದೇಶದ ಕುಸ್ತಿಯಂತಲ್ಲವೆಂದೂ, ಹಲ್ಲು ಮುರಿಯುವಂತಹ ಮತ್ತು ಮುಖ ವಿಕಾರವಾಗುವಂತಹ ಹೊಡೆತಗಳು ಅಲ್ಲಿ ಬೀಳುತ್ತಿದ್ದವೆಂದೂ ಬರೆದಿಟ್ಟಿದ್ದಾನೆ. ಆ ಸಂಪ್ರದಾಯದ ಶೇಷವೋ ಎಂಬಂತೆ, ಮೈಸೂರಿನ ಅರಮನೆಯಲ್ಲಿ ವಿಜಯದಶಮಿಯ ದಿನ ವಜ್ರಮುಷ್ಟಿ ಕಾಳಗವು ನಡೆದು ಬಂದಿದೆ. ತಲೆ ಬೋಳಿಸಿಕೊಂಡ ಜಟ್ಟಿಗಳು ಬೆರಳುಗಳಿಗೆ ಮೊನೆಯುಳ್ಳ ವಜ್ರಮುಷ್ಟಿಯನ್ನು ತೊಟ್ಟು ಎದುರೆದುರಾಗಿ ನಿಲ್ಲುತ್ತಾರೆ. ಒಬ್ಬನ ತಲೆಯಿಂದ ರಕ್ತದ ಮೊದಲ ಹನಿ ಕಾಣಿಸಿದೊಡನೆ ಕಾಳಗವು ಮುಗಿಯಿತು. ಬಳಿಕ ಯಾರೂ ಕೈಯೆತ್ತುವಂತಿಲ್ಲ. ನೋಡುವವರಿಗೆ ಇದು ಕ್ಷಣಮಾತ್ರದಲ್ಲಿ ಮುಗಿದುಹೋಗುವ ಆಟವಾಗಿ ತೋರಬಹುದು. ಆದರೆ ಎಲ್ಲಿ ನಿಲ್ಲಿಸಬೇಕೆಂಬುದನ್ನು ಕಾಳಗವು ಆರಂಭವಾಗುವುದಕ್ಕೆ ಮುಂಚೆಯೇ ನಿಶ್ಚಯಿಸಿಟ್ಟ ನಮ್ಮ ಪೂರ್ವಿಕರ ವಿವೇಕವು ಚಿಕ್ಕದಲ್ಲ.

ಪಾಶ್ಚಾತ್ಯರ ಮುಷ್ಟಿಯುದ್ಧದಲ್ಲಿ ನಿಯಮವು ಬೇರೆ. ೧೮೬೭ರಲ್ಲಿ ಇಂಗ್ಲೆಂಡಿನಲ್ಲಿ ಪ್ರಕಟವಾದ ಕ್ವೀನ್ಸ್‌ಬೆರಿ ನಿಯಮಗಳ ಮೇರೆಗೆ, ಕೈಗೆ ಮೆತ್ತನೆಯ ಗವಸುಗಳನ್ನು ಧರಿಸಬೇಕು; ಮೂರು ನಿಮಿಷಗಳ ಒಂದೊಂದು ಸುತ್ತು, ಸುತ್ತಿಗೂ ಸುತ್ತಿಗೂ ನಡುವೆ ಒಂದು ನಿಮಿಷದ ವಿಶ್ರಾಂತಿ. ನೆಲಕ್ಕೆ ಬಿದ್ದವನು ಹತ್ತು ಎಣಿಸುವುದರೊಳಗೆ ಏಳದಿದ್ದರೆ ಸೋತಂತೆ. ಮಾರ್ಸಿಯಾನೊನ ಕಾಲದಲ್ಲಿ ಲೋಕದ ಬಿರುದಿಗಾಗಿ ನಡೆಯುವ ಪಂದ್ಯಕ್ಕೆ ಹದಿನೈದು ಸುತ್ತುಗಳಿದ್ದವು. ಇಬ್ಬರೂ ಕೊನೆಯವರೆಗೆ ನಿಂತರೆ ತೀರ್ಪುಗಾರರು ಅಂಕಗಳನ್ನು ಕೂಡಿಸಿ ಗೆದ್ದವನನ್ನು ಸಾರುತ್ತಾರೆ. ಅಲ್ಲಿ ರಕ್ತದ ಮೊದಲ ಹನಿಗೆ ಬೆಲೆಯಿಲ್ಲ. ಒಂದು ಪಂದ್ಯವು ಎಲ್ಲಿ ಮುಗಿಯಬೇಕೆಂಬುದನ್ನು ನಿಯಮವು ಹೇಳುತ್ತದೆಯಾದರೂ, ಒಬ್ಬನ ವೃತ್ತಿಯು ಎಲ್ಲಿ ಮುಗಿಯಬೇಕೆಂಬುದನ್ನು ಹೇಳುವ ನಿಯಮವಿಲ್ಲ. ಅದನ್ನು ಮಲ್ಲನೇ ತಿಳಿದುಕೊಳ್ಳಬೇಕು.

ಪಾದರಕ್ಷೆಗಳ ಪಟ್ಟಣದ ಹುಡುಗ

ಅಮೆರಿಕಾದ ಮ್ಯಾಸಚುಸೆಟ್ಸ್ ಪ್ರಾಂತದಲ್ಲಿ ಬ್ರಾಕ್ಟನ್ ಎಂಬುದೊಂದು ಪಟ್ಟಣವಿದೆ. ಒಂದು ಕಾಲದಲ್ಲಿ ಪಾದರಕ್ಷೆಗಳ ಕಾರ್ಖಾನೆಗಳಿಗೆ ಅದು ಪ್ರಖ್ಯಾತವಾಗಿತ್ತು. ಅಲ್ಲಿ ೧೯೨೩ನೆಯ ಸೆಪ್ಟೆಂಬರ್ ೧ರಂದು ರೊಕ್ಕೊ ಫ್ರಾನ್ಸಿಸ್ ಮಾರ್ಕೆಜಾನೊ ಹುಟ್ಟಿದನು. ತಂದೆತಾಯಿಗಳಿಬ್ಬರೂ ಇಟಲಿಯಿಂದ ಬಂದು ನೆಲಸಿದವರು. ತಂದೆ ಪಿಯೆರಿನೊ ಮೊದಲನೆಯ ಮಹಾಯುದ್ಧದಲ್ಲಿ ಸೈನಿಕನಾಗಿದ್ದು, ದೇಹಸ್ಥಿತಿಯನ್ನು ಕೆಡಿಸಿಕೊಂಡು ಹಿಂದಿರುಗಿ, ಪಾದರಕ್ಷೆಯ ಕಾರ್ಖಾನೆಯಲ್ಲಿ ದುಡಿಯುತ್ತಿದ್ದನು. ಆರು ಮಂದಿ ಮಕ್ಕಳಲ್ಲಿ ರೊಕ್ಕೊನೇ ಹಿರಿಯನು. ಒಂದೂವರೆ ವರುಷದ ಕೂಸಾಗಿದ್ದಾಗ ಶ್ವಾಸಕೋಶದ ಜ್ವರದಿಂದ ಅವನು ಸಾವಿನ ಬಾಗಿಲಿಗೆ ಹೋಗಿ ಬಂದನು. ಮುಂದೆ ಲೋಕದ ಬಲಿಷ್ಠರನ್ನು ಕೆಡಹಿದ ತೋಳುಗಳು ಒಂದು ಕಾಲದಲ್ಲಿ ಉಳಿಯುವುದೇ ಸಂಶಯವೆಂಬ ಸ್ಥಿತಿಯಲ್ಲಿದ್ದವೆಂಬುದನ್ನು ಮಕ್ಕಳೊಂದಿಗರು ಮರೆಯಬಾರದು.

ಓದಿನಲ್ಲಿ ಅವನಿಗೆ ಮನಸ್ಸು ನಿಲ್ಲಲಿಲ್ಲ. ಶಾಲೆಯನ್ನು ನಡುವೆಯೇ ಬಿಟ್ಟು, ಕಾಲುವೆ ತೋಡುವುದು, ಮಂಜುಗಡ್ಡೆ ಇದ್ದಲುಗಳನ್ನು ಹೊರುವುದು, ಕಾರ್ಖಾನೆಯಲ್ಲಿ ಕೂಲಿ ಮಾಡುವುದು, ಹೀಗೆ ಕೈಗೆ ಸಿಕ್ಕ ಕೆಲಸಗಳನ್ನೆಲ್ಲ ಮಾಡಿದನು. ತಂದೆಯು ಕಾರ್ಖಾನೆಯಲ್ಲಿ ಸವೆದುದನ್ನು ಕಂಡಿದ್ದ ಹುಡುಗನಿಗೆ ಆ ಚರ್ಮದ ವಾಸನೆಯೇ ಬೇಡವಾಗಿತ್ತು. ಆದರೆ ಅವನು ಬಯಸಿದ್ದುದು ಮುಷ್ಟಿಯುದ್ಧವನ್ನಲ್ಲ. ಅಮೆರಿಕನ್ನರ ಪ್ರೀತಿಯ ಚೆಂಡಾಟವಾದ ಬೇಸ್‌ಬಾಲಿನಲ್ಲಿ ಹೆಸರು ಗಳಿಸಬೇಕೆಂಬುದು ಅವನ ಆಸೆ.

೧೯೪೩ರಲ್ಲಿ ಸೈನ್ಯಕ್ಕೆ ಕರೆ ಬಂದಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅವನು ವೇಲ್ಸ್ ದೇಶದ ಸ್ವಾನ್ಸಿಯಲ್ಲಿದ್ದುಕೊಂಡು, ನಾರ್ಮಂಡಿಯ ತೀರಕ್ಕೆ ಸಾಮಗ್ರಿಗಳನ್ನು ಸಾಗಿಸುವ ದಳದಲ್ಲಿ ಕೆಲಸ ಮಾಡಿದನು. ಸೈನ್ಯದಲ್ಲಿಯೇ ಮುಷ್ಟಿಯುದ್ಧದ ಪರಿಚಯವು ಬೆಳೆಯಿತು. ೧೯೪೬ರಲ್ಲಿ ರಜೆಯ ಮೇಲೆ ಊರಿಗೆ ಬಂದಾಗ ಟೆಡ್ ಲೆಸ್ಟರ್ ಎಂಬವನೊಡನೆ ಪಂದ್ಯಕ್ಕೆ ನಿಂತನು. ಮೈ ಬೊಜ್ಜುಗಟ್ಟಿತ್ತು, ಅಭ್ಯಾಸವಿರಲಿಲ್ಲ. ಸ್ವಲ್ಪ ಹೊತ್ತಿನಲ್ಲಿಯೇ ಏದುಸಿರು ಬಂದು, ಕೈ ಸಾಗದೆ, ನಿಯಮವನ್ನು ಮೀರಿ ಎದುರಾಳಿಯನ್ನು ಮೊಣಕಾಲಿನಿಂದ ತಿವಿದನು. ಮಧ್ಯಸ್ಥನು ಅವನನ್ನು ಪಂದ್ಯದಿಂದಲೇ ಹೊರಗಿಟ್ಟನು. ತನ್ನ ಊರಿನ ಜನರ ಕಣ್ಣೆದುರಿಗೇ ಆದ ಅವಮಾನವದು. ಮುಂದೆ ಹತ್ತು ವರುಷಗಳಲ್ಲಿ ಒಮ್ಮೆಯಾದರೂ ಅವನು ಅಭ್ಯಾಸವಿಲ್ಲದ ಮೈಯಿಂದ ಕಣಕ್ಕೆ ಇಳಿಯಲಿಲ್ಲ.

ವೃತ್ತಿಯ ಮೊದಲ ಪಂದ್ಯವನ್ನು ಅವನು ಆಡಿದ್ದು ೧೯೪೭ನೆಯ ಮಾರ್ಚಿ ೧೭ರಂದು, ಹೋಲಿಯೋಕ್ ಎಂಬಲ್ಲಿ, ರಾಕಿ ಮ್ಯಾಕ್ ಎಂಬ ಮರೆಹೆಸರಿನಿಂದ. ಅದನ್ನು ಮೂರನೆಯ ಸುತ್ತಿನಲ್ಲಿ ಗೆದ್ದನಾದರೂ ಮನಸ್ಸು ಇನ್ನೂ ಚೆಂಡಾಟದ ಕಡೆಗೇ ಎಳೆಯುತ್ತಿತ್ತು. ಅದೇ ವಸಂತದಲ್ಲಿ ಉತ್ತರ ಕ್ಯಾರೊಲಿನ ಪ್ರಾಂತದ ಫೇಯೆಟ್‌ವಿಲ್ಲಿಗೆ ಹೋಗಿ, ಬೇಸ್‌ಬಾಲ್ ತಂಡವೊಂದರ ಪರೀಕ್ಷೆಗೆ ನಿಂತನು. ಕೆಲವು ವಾರಗಳಲ್ಲಿ ಅವರು ಅವನನ್ನು ಮನೆಗೆ ಕಳುಹಿಸಿಬಿಟ್ಟರು. ಪುನಃ ಹವ್ಯಾಸಿ ಮಲ್ಲನಾಗಿ ಕಾದುತ್ತ, ೧೯೪೮ರ ಮಾರ್ಚಿಯಲ್ಲಿ ಕೋಲಿ ವ್ಯಾಲೇಸ್ ಎಂಬವನಿಗೆ ಸೋತನು. ಆದುದರಿಂದ ‘ಸೋಲನ್ನರಿಯದವನು’ ಎಂಬ ಮಾತನ್ನು ನಾವು ಸ್ವಲ್ಪ ತಿದ್ದಿ ಓದಿಕೊಳ್ಳಬೇಕು. ಸೋಲು ಅವನಿಗೆ ಚೆನ್ನಾಗಿ ಗೊತ್ತಿತ್ತು. ಕಲಿಯುವ ಕಾಲದಲ್ಲಿಯೇ ಸೋತು ಮುಗಿಸಿದನು.

ಗುರುವಿನ ಕೈಯಲ್ಲಿ

೧೯೪೮ನೆಯ ಜುಲೈ ೧೨ರಂದು ಅವನು ಶಾಶ್ವತವಾಗಿ ವೃತ್ತಿಯನ್ನು ಕೈಗೊಂಡನು. ಮೊದಲನೆಯ ಸುತ್ತಿನಲ್ಲಿಯೇ ಜಯವು ದೊರೆಯಿತು. ಅಲ್ಲಿಂದ ಮುಂದೆ ಅವನ ಹೆಸರನ್ನು ಸಾರುವವರಿಗೆ ಮಾರ್ಕೆಜಾನೊ ಎಂಬುದು ನಾಲಗೆಗೆ ಹೊರಳದೆ ಹೋದುದರಿಂದ, ಅದು ಮಾರ್ಸಿಯಾನೊ ಎಂದು ಮಾರ್ಪಟ್ಟಿತು. ವ್ಯವಹಾರದ ಮೇಲ್ವಿಚಾರಣೆಯನ್ನು ಅಲ್ ವೈಲ್ ಎಂಬವನು ವಹಿಸಿದನು. ಗಳಿಕೆಯಲ್ಲಿ ಅರ್ಧವು ಅವನಿಗೆಂದು ಒಪ್ಪಂದ. ಶಿಕ್ಷಣವನ್ನು ಚಾರ್ಲಿ ಗೋಲ್ಡ್‌ಮನ್ ಎಂಬ ಗುರುವು ವಹಿಸಿದನು.

ಗೋಲ್ಡ್‌ಮನ್ ಕುಳ್ಳ ಮನುಷ್ಯ, ಸ್ವತಃ ಹಳೆಯ ಮುಷ್ಟಿಮಲ್ಲ. ಅವನ ಮುಂದೆ ನಿಂತ ಶಿಷ್ಯನಲ್ಲಿ ಮಲ್ಲನಿಗೆ ಬೇಕಾದ ಲಕ್ಷಣಗಳು ಬಹುಮಟ್ಟಿಗೆ ಇರಲಿಲ್ಲ. ವಯಸ್ಸು ಇಪ್ಪತ್ತನಾಲ್ಕು ದಾಟಿತ್ತು. ಈ ವಿದ್ಯೆಯನ್ನು ಆರಂಭಿಸುವುದಕ್ಕೆ ಅದು ತಡವೇ ಸರಿ. ಎತ್ತರವು ಐದಡಿ ಹತ್ತು ಅಂಗುಲದಷ್ಟು. ತೂಕವು ಸುಮಾರು ೧೮೫ ಪೌಂಡು, ಎಂದರೆ ೮೪ ಕಿಲೊಗ್ರಾಮಿನ ಆಸುಪಾಸು. ಹೆವಿವೈಟ್ ಎಂಬ ಭಾರಿ ತೂಕದ ವರ್ಗದಲ್ಲಿ ಇದು ಅಲ್ಪವೆಂದೇ ಹೇಳಬೇಕು. ತೋಳುಗಳು ಗಿಡ್ಡ, ಕಾಲುಗಳ ಇಡುವಿಕೆಯೂ ಒರಟು. ಇದ್ದುದು ಎರಡೇ ಗುಣ: ಬಲಗೈಯ ಭಯಂಕರವಾದ ಗುದ್ದು, ಮತ್ತು ಹೇಳಿದುದನ್ನು ಮಾಡುತ್ತಲೇ ಇರುವ ಹಟ.

ಜಾಣನಾದ ಗುರುವು ಶಿಷ್ಯನನ್ನು ಬೇರೊಬ್ಬನನ್ನಾಗಿ ಮಾಡಹೊರಡಲಿಲ್ಲ. ಗಿಡ್ಡ ತೋಳಿನವನು ದೂರದಲ್ಲಿ ನಿಂತು ಕಾದುವುದರಲ್ಲಿ ಅರ್ಥವಿಲ್ಲವೆಂದರಿತು, ಅವನನ್ನು ಇನ್ನೂ ಬಗ್ಗಿಸಿ, ಎತ್ತರದ ಎದುರಾಳಿಯ ಹೊಡೆತವು ತಲೆಯ ಮೇಲೆ ಹಾದುಹೋಗುವಂತೆ ನಿಲ್ಲಿಸಿದನು. ಹೀಗೆ ಬಗ್ಗಿ ಮೇಲೆ ನುಗ್ಗಿ, ಹತ್ತಿರದಿಂದ ಹೊಡೆಯುವುದೇ ಮಾರ್ಸಿಯಾನೊನ ಪದ್ಧತಿಯಾಯಿತು. ಕುಂದನ್ನು ಮುಚ್ಚಿಡದೆ ಅದನ್ನೇ ಉಪಾಯವನ್ನಾಗಿ ತಿರುಗಿಸುವುದು ಒಳ್ಳೆಯ ಗುರುವಿನ ಲಕ್ಷಣ. ಇದು ಮುಷ್ಟಿಯುದ್ಧಕ್ಕೆ ಮಾತ್ರ ಸಲ್ಲುವ ಮಾತಲ್ಲ. ಶಿಷ್ಯನ ಭಾಗವು ಪರಿಶ್ರಮ. ದಿನಂಪ್ರತಿ ಮೈಲಿಗಟ್ಟಲೆ ಓಟ. ದೊಡ್ಡ ಪಂದ್ಯವೆಂದರೆ ಎಷ್ಟೋ ವಾರಗಳು ಹೆಂಡತಿ ಮಕ್ಕಳಿಂದ ದೂರವಾಗಿ ಬೆಟ್ಟದ ಶಿಬಿರದಲ್ಲಿ ವ್ರತಸ್ಥನಂತೆ ವಾಸ. ಮೊದಲ ಹದಿನಾರು ಪಂದ್ಯಗಳಲ್ಲಿ ಒಬ್ಬನಾದರೂ ಐದು ಸುತ್ತು ಅವನ ಮುಂದೆ ನಿಲ್ಲಲಿಲ್ಲ. ಕೊನೆಯವರೆಗೆ ನಿಂತ ಮೊದಲಿಗನೆಂದರೆ ಡಾನ್ ಮೊಗಾರ್ಡ್, ೧೯೪೯ರ ಮೇ ತಿಂಗಳಿನಲ್ಲಿ.

ಗೆಲವಿನ ಬೆಲೆ

ಇಲ್ಲಿಯವರೆಗೆ ಓದಿದ ನಮ್ಮ ಮನೆಯ ಹೆಂಗಸರು, “ಗೆದ್ದವನ ಲೆಕ್ಕವಾಯಿತು, ಬಿದ್ದವರ ಗತಿಯೇನು?” ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ. ಮಾರ್ಸಿಯಾನೊನಿಗೂ ಆ ಪ್ರಶ್ನೆಯು ಎದುರಾಯಿತು.

೧೯೪೯ನೆಯ ಡಿಸೆಂಬರ್ ೩೦ರ ರಾತ್ರಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿನಲ್ಲಿ ಕಾರ್ಮಿನ್ ವಿಂಗೊ ಎಂಬ ತರುಣನೊಡನೆ ಪಂದ್ಯ ನಡೆಯಿತು. ಇಬ್ಬರೂ ಹಿಮ್ಮೆಟ್ಟದೆ ಹೊಡೆದಾಡಿದರು. ಆರನೆಯ ಸುತ್ತಿನಲ್ಲಿ ವಿಂಗೊ ಕೆಳಗೆ ಬಿದ್ದವನು ಏಳಲಿಲ್ಲ. ಮೆದುಳಿಗೆ ಪೆಟ್ಟು ಬಿದ್ದಿತ್ತು. ಹತ್ತಿರದ ಆಸ್ಪತ್ರೆಗೆ ಅವನನ್ನು ಹೊತ್ತುಕೊಂಡು ಹೋದರು. ಬದುಕುವನೋ ಇಲ್ಲವೋ ಎಂದು ಎಲ್ಲರೂ ಕಾದರು. ಗೆದ್ದವನೂ ಆಸ್ಪತ್ರೆಗೆ ಹೋಗಿ ಬಿದ್ದವನ ಬಂಧುಗಳೊಡನೆ ಕಾದನು. ವಿಂಗೊ ಬದುಕಿದನು, ಆದರೆ ದೇಹದ ಸ್ವಾಧೀನವು ಪೂರ್ಣವಾಗಿ ಹಿಂದಿರುಗಲಿಲ್ಲ, ಕಣವನ್ನು ಮತ್ತೆ ಅವನು ತುಳಿಯಲಿಲ್ಲ. ಮಾರ್ಸಿಯಾನೊ ಚಿಕಿತ್ಸೆಯ ವೆಚ್ಚಕ್ಕೆ ಹಣವನ್ನು ಕೊಟ್ಟನು. ಒಂದು ವರುಷದ ಬಳಿಕ, ೧೯೫೦ರ ಡಿಸೆಂಬರ್ ಕೊನೆಯಲ್ಲಿ, ಮಾರ್ಸಿಯಾನೊ ಬಾರ್ಬರಾ ಕಸಿನ್ಸಳನ್ನು ವಿವಾಹವಾದಾಗ, ಬಂದ ಅತಿಥಿಗಳಲ್ಲಿ ಆ ವಿಂಗೊನೂ ಒಬ್ಬನಾಗಿದ್ದನು.

ಇದನ್ನು ಓದಿ ನಾವು ಸಮಾಧಾನ ಪಡಬೇಕೆಂದಿಲ್ಲ. ಒಂದು ಸಂಸಾರದ ಮಗನು ಅಂಗಹೀನನಾದುದಕ್ಕೆ ಮದುವೆಯ ಊಟವು ಪರಿಹಾರವಲ್ಲ. ಮೂರು ತಿಂಗಳೊಳಗೆ, ೧೯೫೦ರ ಮಾರ್ಚಿ ೨೪ರಂದು, ಮಾರ್ಸಿಯಾನೊ ಪುನಃ ಅದೇ ಕಣದಲ್ಲಿ ರೋಲಂಡ್ ಲಾಸ್ಟಾರ್ಜನೊಡನೆ ಕಾದುತ್ತಿದ್ದನು. ತೀರ್ಪುಗಾರರೊಳಗೆ ಒಮ್ಮತವಿಲ್ಲದೆ, ಕೂದಲೆಳೆಯ ಅಂತರದಲ್ಲಿ ಗೆದ್ದನು. ಆ ೪೯ ಎಂಬ ಸಂಖ್ಯೆಯು ಅಂದೇ ಮುರಿದು ಹೋಗಬಹುದಾಗಿತ್ತು. ವೃತ್ತಿಯೆಂಬುದು ಹಾಗೆಯೇ ಅಲ್ಲವೆ? ಒಮ್ಮೆ ಅದರ ಚಕ್ರಕ್ಕೆ ಕೈಕೊಟ್ಟ ಮೇಲೆ, ಮರುಗಿದವನೂ ಮರುದಿನ ಕೆಲಸಕ್ಕೆ ಹೋಗಬೇಕಾಗುತ್ತದೆ.

ಹಳೆಯ ಸಿಂಹ

ಜೋ ಲೂಯಿಯ ಹೆಸರನ್ನು ಹಿರಿಯ ವಾಚಕರು ಕೇಳಿರಬಹುದು. ೧೯೩೭ರಿಂದ ೧೯೪೯ರವರೆಗೆ ಲೋಕದ ಅಗ್ರಮಲ್ಲನಾಗಿ, ೨೫ ಸಲ ಬಿರುದನ್ನು ಉಳಿಸಿಕೊಂಡ ನೀಗ್ರೋ ಜನಾಂಗದ ಮಹಾವೀರನು ಅವನು. ಮಾರ್ಸಿಯಾನೊ ಬಾಲ್ಯದಲ್ಲಿ ಯಾರ ಕೀರ್ತಿಯನ್ನು ಕೇಳುತ್ತ ಬೆಳೆದನೋ ಅವನೇ ಈ ಲೂಯಿ. ಯುದ್ಧಕಾಲದಲ್ಲಿ, ೧೯೪೨ರಲ್ಲಿ, ಎರಡು ಪಂದ್ಯಗಳ ಪ್ರತಿಫಲವನ್ನು ಅವನು ನೌಕಾದಳದ ಮತ್ತು ಭೂಸೈನ್ಯದ ಸಹಾಯನಿಧಿಗಳಿಗೆ ಒಪ್ಪಿಸಿದ್ದನು. ಹಣವನ್ನು ಕೈಸಡಿಲಿಸಿ ಕೊಟ್ಟವನು ಲೆಕ್ಕವನ್ನು ಇಟ್ಟುಕೊಳ್ಳಲಿಲ್ಲ. ಸರ್ಕಾರದ ವರಮಾನ ತೆರಿಗೆಯ ಬಾಕಿಯು ಬಡ್ಡಿಯೊಡನೆ ಬೆಳೆಬೆಳೆದು ತಲೆಯ ಮೇಲೆ ಕುಳಿತಿತು. ೧೯೪೯ರಲ್ಲಿ ಬಿರುದಿನೊಡನೆಯೇ ನಿವೃತ್ತನಾಗಿದ್ದವನು, ಸಾಲಕ್ಕಾಗಿ ೧೯೫೦ರಲ್ಲಿ ಪುನಃ ಕಣಕ್ಕೆ ಬಂದು, ಎಜರ್ಡ್ ಚಾರ್ಲ್ಸನಿಗೆ ಸೋತನು. ಸೋತರೂ ನಿಲ್ಲುವಂತಿರಲಿಲ್ಲ.

೧೯೫೧ನೆಯ ಅಕ್ಟೋಬರ್ ೨೬ರಂದು ಮಾರ್ಸಿಯಾನೊನ ಎದುರಿಗೆ ನಿಂತಾಗ ಲೂಯಿಗೆ ೩೭ ವರ್ಷ, ಮಾರ್ಸಿಯಾನೊನಿಗೆ ೨೮. ಹಿರಿಯನು ಆರಡಿಗೂ ಮೀರಿದ ಆಳು. ಕಿರಿಯನಿಗಿಂತ ಇಪ್ಪತ್ತೈದು ಪೌಂಡು ಹೆಚ್ಚು ತೂಕ. ಆದರೆ ಕಾಲುಗಳಲ್ಲಿ ಹಿಂದಿನ ಚುರುಕಿರಲಿಲ್ಲ. ಎಂಟನೆಯ ಸುತ್ತಿನಲ್ಲಿ ಎಡಗೈಯ ಹೊಡೆತಕ್ಕೆ ಒಮ್ಮೆ ಬಿದ್ದು ಎದ್ದನು. ಮತ್ತೆ ಬಿದ್ದ ಹೊಡೆತಗಳಿಗೆ ಹಗ್ಗಗಳ ನಡುವಿನಿಂದ ಕಣದ ಅಂಚಿಗೆ ಉರುಳಿದನು. ಮಧ್ಯಸ್ಥನು ಎಣಿಕೆಯನ್ನು ಪೂರ್ತಿ ಮಾಡದೆ ಕೈ ಬೀಸಿ ನಿಲ್ಲಿಸಿದನು. ಲೂಯಿಯ ಕೊನೆಯ ಪಂದ್ಯವದು.

ಆ ರಾತ್ರಿ ಗೆದ್ದವನು ಸೋತವನ ಕೋಣೆಗೆ ಹೋಗಿ ಕಣ್ಣೀರಿಟ್ಟನು. ತಾನು ಪೂಜಿಸುತ್ತಿದ್ದ ಮನುಷ್ಯನನ್ನು ತನ್ನ ಕೈಯಿಂದಲೇ ಕೆಡಹಬೇಕಾಯಿತೆಂಬ ವ್ಯಥೆಯು ಸಹಜವಾದುದು. ಅದರೊಡನೆ ಮತ್ತೊಂದು ಯೋಚನೆಯೂ ಅವನಿಗೆ ಬಂದಿರಬೇಕೆಂದು ನಮ್ಮ ಊಹೆ: ಬಿಡಬೇಕಾದಾಗ ಬಿಟ್ಟು, ಬಿಟ್ಟ ಬಳಿಕ ತಿರುಗಿ ಬಂದವನಿಗೆ ಏನಾಗುತ್ತದೆಂಬುದನ್ನು ಅವನಷ್ಟು ಹತ್ತಿರದಿಂದ ಕಂಡವರು ಬೇರೆ ಯಾರು?

ಹದಿಮೂರನೆಯ ಸುತ್ತು

ಲೋಕದ ಬಿರುದಿನ ಪಂದ್ಯವು ೧೯೫೨ನೆಯ ಸೆಪ್ಟೆಂಬರ್ ೨೩ರಂದು ಫಿಲಡೆಲ್ಫಿಯ ನಗರದಲ್ಲಿ ನಡೆಯಿತು. ಬಿರುದನ್ನು ಹೊಂದಿದ್ದವನು ಜರ್ಸಿ ಜೋ ವಾಲ್ಕಾಟ್, ೩೮ ವರ್ಷದ ಅನುಭವಸ್ಥ. ಮೊದಲನೆಯ ಸುತ್ತಿನಲ್ಲಿಯೇ ಅವನ ಎಡಗೈಯ ಹೊಡೆತಕ್ಕೆ ಮಾರ್ಸಿಯಾನೊ ನೆಲಕ್ಕೆ ಬಿದ್ದನು. ವೃತ್ತಿಯಲ್ಲಿ ಅವನು ನೆಲವನ್ನು ಕಂಡುದು ಅದೇ ಮೊದಲು. ಎದ್ದು ಕಾದಿದನು. ನಡುವಿನ ಸುತ್ತುಗಳಲ್ಲಿ ಯಾವುದೋ ಔಷಧವು ಕಣ್ಣಿಗೆ ಬಿದ್ದು, ಉರಿಯಿಂದ ದೃಷ್ಟಿಯು ಮಂಕಾಯಿತು. ಹನ್ನೆರಡು ಸುತ್ತು ಮುಗಿದಾಗ ಮೂವರು ತೀರ್ಪುಗಾರರ ಲೆಕ್ಕದಲ್ಲಿಯೂ ವಾಲ್ಕಾಟನೇ ಮುಂದಿದ್ದನು. ಇನ್ನು ಉಳಿದುದು ಮೂರೇ ಸುತ್ತು. ಅಂಕಗಳಿಂದ ಗೆಲ್ಲುವ ಆಸೆ ಇರಲಿಲ್ಲ.

ಹದಿಮೂರನೆಯ ಸುತ್ತಿನ ಆರಂಭದಲ್ಲಿ ವಾಲ್ಕಾಟನು ಹಿಂದೆ ಸರಿಯುತ್ತ ಹಗ್ಗದ ಬಳಿಗೆ ಬಂದನು. ಇಬ್ಬರೂ ಒಟ್ಟಿಗೇ ಬಲಗೈಯನ್ನು ಬೀಸಿದರು. ಮಾರ್ಸಿಯಾನೊನ ಹೊಡೆತವು ಕೂದಲೆಳೆಯಷ್ಟು ಮುಂಚೆ ತಲಪಿತು. ಅದು ಹತ್ತಾರು ಅಂಗುಲಕ್ಕಿಂತ ಹೆಚ್ಚು ದೂರ ಚಲಿಸಿದ ಹೊಡೆತವಲ್ಲ. ಆದರೂ ವಾಲ್ಕಾಟನು ಹಗ್ಗಕ್ಕೆ ಒಂದು ತೋಳನ್ನು ಸಿಕ್ಕಿಸಿಕೊಂಡು, ಮೊಣಕಾಲೂರಿ, ಮೆಲ್ಲನೆ ಕುಸಿದನು. ಹತ್ತು ಎಣಿಕೆಯಾಯಿತು. ಬ್ರಾಕ್ಟನ್ನಿನ ಪಾದರಕ್ಷೆಯ ಕೂಲಿಕಾರನ ಮಗನು ಲೋಕದ ಅಗ್ರಮಲ್ಲನಾದನು.

ಅಲ್ಲಿಂದ ಮುಂದೆ ಆರು ಸಲ ಬಿರುದನ್ನು ಉಳಿಸಿಕೊಂಡನು. ೧೯೫೩ರ ಮೇ ೧೫ರಂದು ವಾಲ್ಕಾಟನು ಪುನಃ ಎದುರಾದಾಗ ಮೊದಲನೆಯ ಸುತ್ತಿನಲ್ಲಿಯೇ ಕೊನೆಗೊಂಡಿತು. ಅದೇ ಸೆಪ್ಟೆಂಬರಿನಲ್ಲಿ ಲಾಸ್ಟಾರ್ಜನು ಹನ್ನೊಂದನೆಯ ಸುತ್ತಿನಲ್ಲಿ ಸೋತನು. ೧೯೫೪ರ ಜೂನ್ ೧೭ರಂದು ಎಜರ್ಡ್ ಚಾರ್ಲ್ಸನು ಹದಿನೈದು ಸುತ್ತು ನಿಂತನು. ಮಾರ್ಸಿಯಾನೊನ ಮುಂದೆ ಅಷ್ಟು ನಿಂತವನು ಅವನೊಬ್ಬನೇ. ಮೂರು ತಿಂಗಳ ಬಳಿಕ ಸೆಪ್ಟೆಂಬರ್ ೧೭ರಂದು ಇಬ್ಬರೂ ಮತ್ತೆ ಎದುರಾದಾಗ, ಮಾರ್ಸಿಯಾನೊನ ಮೂಗಿನ ಹೊಳ್ಳೆಯು ಆರನೆಯ ಸುತ್ತಿನಲ್ಲಿ ಸೀಳಿ ರಕ್ತವು ಧಾರೆಗಟ್ಟಿತು. ವೈದ್ಯರು ಪಂದ್ಯವನ್ನು ನಿಲ್ಲಿಸಿದ್ದರೆ ಬಿರುದು ಅಲ್ಲಿಯೇ ಹೋಗುತ್ತಿತ್ತು. ಮೈಸೂರಿನ ಜಟ್ಟಿಗಳ ನಿಯಮದಂತಾದರೆ ಅವನು ಸೋತೇ ಹೋಗಿದ್ದನು. ಎಂಟನೆಯ ಸುತ್ತಿನಲ್ಲಿ ಚಾರ್ಲ್ಸನನ್ನು ಕೆಡಹಿ ಉಳಿದುಕೊಂಡನು. ೧೯೫೫ರ ಮೇ ೧೬ರಂದು ಇಂಗ್ಲೆಂಡಿನ ಡಾನ್ ಕಾಕೆಲ್ ಒಂಬತ್ತನೆಯ ಸುತ್ತಿನಲ್ಲಿ ಪರಾಜಿತನಾದನು.

ಕೊನೆಯದು ೧೯೫೫ನೆಯ ಸೆಪ್ಟೆಂಬರ್ ೨೧ರಂದು, ನ್ಯೂಯಾರ್ಕಿನ ಯಾಂಕೀ ಸ್ಟೇಡಿಯಮಿನಲ್ಲಿ, ಅರುವತ್ತು ಸಾವಿರಕ್ಕೂ ಮಿಕ್ಕ ಜನರ ಮುಂದೆ ನಡೆಯಿತು. ಎದುರಾಳಿ ಆರ್ಚಿ ಮೂರ್, ಚಾಣಾಕ್ಷ. ಎರಡನೆಯ ಸುತ್ತಿನಲ್ಲಿ ಅವನ ಬಲಗೈಯ ಹೊಡೆತಕ್ಕೆ ಮಾರ್ಸಿಯಾನೊ ಎರಡನೆಯ ಸಲ ನೆಲವನ್ನು ಕಂಡನು. ಎದ್ದು, ನುಗ್ಗಿ, ಮತ್ತೆ ಮತ್ತೆ ಕೆಡಹಿ, ಒಂಬತ್ತನೆಯ ಸುತ್ತಿನಲ್ಲಿ ಮುಗಿಸಿದನು. ಲೆಕ್ಕವು ೪೯ ಆಯಿತು.

ಸಾಕು ಎಂದ ದಿನ

೧೯೫೬ನೆಯ ಏಪ್ರಿಲ್ ೨೭ರಂದು ಮಾರ್ಸಿಯಾನೊ ನಿವೃತ್ತನಾದನೆಂದು ಸಾರಿದನು. ವಯಸ್ಸು ೩೨. ಮುಂದಿನ ಒಂದೇ ಪಂದ್ಯದಿಂದ ಲೆಕ್ಕವು ಐವತ್ತಾಗಿ ತುಂಬುತ್ತಿತ್ತು; ಹಣವೂ ಹೇರಳವಾಗಿ ಬರುತ್ತಿತ್ತು. ಆದರೆ ಬೆನ್ನು ನೋಯುತ್ತಿತ್ತು. ೧೯೫೨ರಲ್ಲಿ ಹುಟ್ಟಿದ್ದ ಮಗಳು ತಂದೆಯನ್ನು ಶಿಬಿರಗಳ ನಡುವಣ ಬಿಡುವಿನಲ್ಲಿ ಮಾತ್ರ ಕಾಣುತ್ತಿದ್ದಳು. ಹೆಂಡತಿಗೆ ಆ ವೃತ್ತಿಯು ಸಾಕಾಗಿತ್ತು. ಸಂಸಾರದೊಡನೆ ಇರಬೇಕೆಂಬುದನ್ನೇ ಅವನು ಕಾರಣವಾಗಿ ಹೇಳಿದನು.

ಒಮ್ಮೆ ಸಾಕು ಎನ್ನುವುದು ಸುಲಭ. ಸಾಕೆಂದ ಮೇಲೆ ಮತ್ತೆ ಬೇಕೆನ್ನದಿರುವುದು ಕಷ್ಟ. ೧೯೫೯ರಲ್ಲಿ ಸ್ವೀಡನ್ನಿನ ಇಂಗೆಮಾರ್ ಯೊಹಾನ್ಸನ್ ಬಿರುದನ್ನು ಗೆದ್ದಾಗ, ಮಾರ್ಸಿಯಾನೊನಿಗೂ ಹಳೆಯ ಚಪಲವು ಮರುಕಳಿಸಿತು. ಗುಟ್ಟಾಗಿ ಒಂದು ತಿಂಗಳು ಅಭ್ಯಾಸವನ್ನೂ ಮಾಡಿದನು. ಮೈಯು ಹಿಂದಿನಂತಿಲ್ಲವೆಂಬುದನ್ನು ಕಂಡುಕೊಂಡು, ಗವಸುಗಳನ್ನು ಕೆಳಗಿಟ್ಟು ಮನೆಗೆ ಹೋದನು. ಅವನು ಗೆದ್ದ ೪೯ ಪಂದ್ಯಗಳನ್ನು ಲಕ್ಷಾಂತರ ಜನರು ಕೊಂಡಾಡಿದರು. ಯಾರೂ ನೋಡದೆ ಗೆದ್ದ ಈ ಒಂದನ್ನು ನಾವು ಅವೆಲ್ಲಕ್ಕಿಂತ ಮೇಲೆಂದು ಎಣಿಸುತ್ತೇವೆ.

ಆ ಸಂಖ್ಯೆಯ ಹಿರಿಮೆಯು ಬಳಿಕ ಬಂದವರಿಂದ ತಿಳಿಯಿತು. ಲ್ಯಾರಿ ಹೋಮ್ಸ್ ಎಂಬ ಅಗ್ರಮಲ್ಲನು ೪೮ ಪಂದ್ಯಗಳನ್ನು ಸೋಲದೆ ಗೆದ್ದು, ಇನ್ನೊಂದನ್ನು ಗೆದ್ದರೆ ಮಾರ್ಸಿಯಾನೊನ ಸಮಕ್ಕೆ ಬರುತ್ತಿದ್ದವನು, ೧೯೮೫ನೆಯ ಸೆಪ್ಟೆಂಬರ್ ೨೧ರಂದು ಮೈಕೆಲ್ ಸ್ಪಿಂಕ್ಸನಿಗೆ ಸೋತನು. ಮಾರ್ಸಿಯಾನೊನ ಕೊನೆಯ ಪಂದ್ಯವು ನಡೆದು ಅಂದಿಗೆ ಸರಿಯಾಗಿ ಮೂವತ್ತು ವರ್ಷ. ೨೦೧೭ರಲ್ಲಿ ಫ್ಲಾಯ್ಡ್ ಮೇವೆದರ್ ಎಂಬವನು ೫೦ ಗೆಲವುಗಳನ್ನು ಪೂರೈಸಿದನಾದರೂ ಅವನು ಕಡಮೆ ತೂಕದ ವರ್ಗಗಳಲ್ಲಿ ಕಾದಿದವನು.

ಬರೆದಿಡದ ಲೆಕ್ಕ

ಕಣದಲ್ಲಿ ಅಷ್ಟು ವಿವೇಕಿಯಾದವನು ಹಣದಲ್ಲಿ ವಿಚಿತ್ರನಾಗಿದ್ದನು. ಬಾಲ್ಯದ ಬಡತನವು ಅವನನ್ನು ಕೊನೆಯವರೆಗೂ ಬಿಡಲಿಲ್ಲ. ಬ್ಯಾಂಕುಗಳಲ್ಲಿ ನಂಬಿಕೆಯಿರಲಿಲ್ಲ, ಚೆಕ್ಕು ಕೊಟ್ಟರೆ ಬೇಡ, ನಗದೇ ಬೇಕು. ಬಂದ ಹಣವನ್ನು ಎಲ್ಲೆಲ್ಲಿಯೋ ಬಚ್ಚಿಡುತ್ತಿದ್ದನೆಂದೂ, ಯಾರಿಗೆ ಎಷ್ಟು ಸಾಲ ಕೊಟ್ಟಿದ್ದನೆಂಬುದು ಅವನ ಮನಸ್ಸಿನಲ್ಲಿ ಮಾತ್ರ ಇತ್ತೆಂದೂ ಬಂಧುಮಿತ್ರರು ಹೇಳಿದ್ದಾರೆ. ಸಂಸಾರಕ್ಕೆಂದು ವೃತ್ತಿಯನ್ನು ಬಿಟ್ಟವನು ಸಂಪಾದನೆಗಾಗಿ ಊರೂರು ತಿರುಗುತ್ತ, ಪುನಃ ಮನೆಯಿಂದ ದೂರವಾಗಿಯೇ ಇರತೊಡಗಿದನು.

೧೯೬೯ರಲ್ಲಿ ಒಂದು ವಿಚಿತ್ರವಾದ ಪಂದ್ಯವು ಏರ್ಪಟ್ಟಿತು. ಆಗ ಬಿರುದನ್ನು ಕಸಿಯಲ್ಪಟ್ಟಿದ್ದ ಮಹಮ್ಮದ್ ಅಲಿಯೂ ಮಾರ್ಸಿಯಾನೊನೂ ಕಾದಿದರೆ ಯಾರು ಗೆಲ್ಲುವರೆಂಬುದನ್ನು ಗಣಕಯಂತ್ರವು ಲೆಕ್ಕ ಹಾಕುವುದು, ಅದರಂತೆ ಇಬ್ಬರೂ ಅಭಿನಯಿಸಿ ಚಲಚ್ಚಿತ್ರವನ್ನು ತೆಗೆಯುವುದು. ಮಾರ್ಸಿಯಾನೊ ಸುಮಾರು ಐವತ್ತು ಪೌಂಡು ಇಳಿಸಿ, ಬೋಳಾಗುತ್ತಿದ್ದ ತಲೆಗೆ ಕೃತಕ ಕೂದಲಿನ ಟೋಪನ್ನು ಧರಿಸಿ, ಅದರಲ್ಲಿ ಪಾತ್ರ ವಹಿಸಿದನು. ೧೯೭೦ರ ಜನವರಿಯಲ್ಲಿ ಅಮೆರಿಕಾದ ಚಿತ್ರಮಂದಿರಗಳಲ್ಲಿ ಅದನ್ನು ತೋರಿಸಿದಾಗ, ಹದಿಮೂರನೆಯ ಸುತ್ತಿನಲ್ಲಿ ಮಾರ್ಸಿಯಾನೊ ಗೆಲ್ಲುವುದನ್ನು ಜನರು ಕಂಡರು. ಅವನು ಮಾತ್ರ ಕಾಣಲಿಲ್ಲ.

೧೯೬೯ನೆಯ ಆಗಸ್ಟ್ ೩೧ರ ರಾತ್ರಿ, ಚಿಕ್ಕ ವಿಮಾನವೊಂದರಲ್ಲಿ ಪ್ರಯಾಣ ಮಾಡುತ್ತಿದ್ದಾಗ, ಅಯೋವಾ ಪ್ರಾಂತದ ನ್ಯೂಟನ್ ಎಂಬ ಊರಿನ ಬಳಿ ಅದು ನೆಲಕ್ಕೆ ಬಿದ್ದು, ಅವನೂ ಜೊತೆಯಲ್ಲಿದ್ದ ಇಬ್ಬರೂ ಮೃತರಾದರು. ಮರುದಿನ ಅವನ ನಲವತ್ತಾರನೆಯ ಹುಟ್ಟುಹಬ್ಬ. ಬಚ್ಚಿಟ್ಟ ಹಣವು ಎಲ್ಲಿದೆಯೆಂದು ಹೆಂಡತಿಗೆ ತಿಳಿಯದು, ಸೋದರರಿಗೂ ತಿಳಿಯದು. ಹುಡುಕಿದರೂ ಅವರಿಗೆ ಸಿಕ್ಕಲಿಲ್ಲ. ಲೂಯಿ ಲೆಕ್ಕವಿಡದೆ ಕೊಟ್ಟು ಕಷ್ಟಕ್ಕೆ ಸಿಕ್ಕಿದನು. ಮಾರ್ಸಿಯಾನೊ ಲೆಕ್ಕವಿಡದೆ ಕೂಡಿಟ್ಟು ಮನೆಯವರನ್ನು ಕಷ್ಟಕ್ಕೆ ಸಿಕ್ಕಿಸಿದನು.

ಗೃಹಸ್ಥರಾದ ನಮಗೆ ಈ ಚರಿತ್ರೆಯಿಂದ ತಿಳಿಯುವುದು ಎರಡು ಮಾತು. ಮುಷ್ಟಿಯನ್ನು ಬಿಗಿಯುವುದಕ್ಕೆ ಕಲಿತವನು ಅದನ್ನು ಸಡಿಲಿಸುವುದಕ್ಕೂ ಕಲಿಯಬೇಕು. ಕಣದಲ್ಲಿ ಮಾರ್ಸಿಯಾನೊ ಅದನ್ನು ಕಲಿತಿದ್ದುದರಿಂದಲೇ ಅವನ ೪೯ರ ಮುಂದೆ ಸೋಲೆಂಬ ಅಂಕೆಯು ಬೀಳಲಿಲ್ಲ. ಎರಡನೆಯದು,ಹೊರಗಿನ ಗೆಲವು ಎಷ್ಟೇ ದೊಡ್ಡದಾಗಿರಲಿ, ಮನೆಯ ಲೆಕ್ಕವನ್ನು ಮನೆಯಾಕೆಗೆ ತಿಳಿಸಿಡದವನು ಅರ್ಧವನ್ನು ಸೋತವನೇ ಸರಿ. ಅಡಕೆ ಮಾರಿದ ದುಡ್ಡೆಷ್ಟು, ಕೊಟ್ಟ ಸಾಲವೆಷ್ಟು, ತೋಟದ ಕಾಗದಗಳು ಯಾವ ಪೆಟ್ಟಿಗೆಯಲ್ಲಿವೆ ಎಂಬುದನ್ನು ಈ ಮಳೆಗಾಲದ ಬಿಡುವಿನಲ್ಲಿಯೇ ನಮ್ಮ ವಾಚಕರು ಮನೆಯವರಿಗೆ ಹೇಳಿಟ್ಟರೆ, ಈ ಲೇಖನವನ್ನು ಬರೆದ ಶ್ರಮವು ಸಾರ್ಥಕವಾಯಿತೆಂದು ತಿಳಿಯುತ್ತೇವೆ.

ಇಷ್ಟನ್ನು ನಮ್ಮ ಜಗಲಿಯಲ್ಲಿ ಹುಡುಗನಿಗೆ ಓದಿ ಹೇಳಿದಾಗ ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದರೆ ಅವನು ಗೆದ್ದನೋ, ಸೋತನೋ, ಅಜ್ಜಯ್ಯ?” ಎಂದು ಕೇಳಿದನು. ಹಿರಿಯರು ಉತ್ತರವನ್ನು ಕೊಡಲಿಲ್ಲ. ಎದ್ದು ಒಳಗೆ ಹೋಗಿ, ಬಹುಕಾಲದಿಂದ ತಾವೊಬ್ಬರೇ ತೆರೆಯುತ್ತಿದ್ದ ಮರದ ಪೆಟ್ಟಿಗೆಯ ಬೀಗದ ಕೈಯನ್ನು ತಂದು ಅಜ್ಜಿಯ ಮುಂದಿಟ್ಟರು.